ಕಳ್ಳ ಕಂಡ, ಮುಖ ಕಾಣಲಿಲ್ಲ

ಮನೆಯ ಕೆಳಗಡೆಯೇ ನನ್ನದೊಂದು ಸಣ್ಣ ರಿಪೇರಿ ಅಂಗಡಿ ಇದೆ. ಒಂದು ರಾತ್ರಿ ಅಲ್ಲಿಂದ ಡ್ರಿಲ್ ಮೆಷಿನ್ ಹೋಯಿತು. ಕ್ಯಾಮೆರಾ ಇರಲಿಲ್ವಾ ಅಂದರೆ, ನಾಲ್ಕು ಇದ್ದವು! ಗೇಟು ದಾಟಿ ಬರೋದು, ಸುತ್ತ ನೋಡೋದು, ಶಟರ್ ಪಕ್ಕದ ಬಾಗಿಲು ಮೀಟೋದು, ಡ್ರಿಲ್ ಕಂಕುಳಲ್ಲಿ ಇಟ್ಟುಕೊಂಡು ಆರಾಮಾಗಿ ವಾಪಸ್ ನಡೆಯೋದು, ಎಲ್ಲಾ ರೆಕಾರ್ಡ್ ಆಗಿತ್ತು. ಮುಖ ಮಾತ್ರ ಇಲ್ಲ. ಜೂಮ್ ಮಾಡಿದರೆ ಒಂದಷ್ಟು ಬಿಳಿ ಚೌಕಗಳು, ಅಷ್ಟೇ. ಕನ್ನಡಿಯೊಳಗಿನ ಗಂಟು ಅಂತಾರಲ್ಲ, ಹಾಗೆ.

ತಪ್ಪು ನನ್ನದೇ. ಕೊಳ್ಳುವಾಗ ನಾನು ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ಮೆಗಾಪಿಕ್ಸೆಲ್, ಎಷ್ಟು ಅಗಲ ಕಾಣುತ್ತದೆ. ನಾಲ್ಕೂ 2 ಮೆಗಾಪಿಕ್ಸೆಲ್, ನಾಲ್ಕಕ್ಕೂ 2.8 ಎಂಎಂ ಲೆನ್ಸ್. ಇಡೀ ಅಂಗಳ ಒಂದೇ ಚಿತ್ರದಲ್ಲಿ ಬಂತು ಅಂತ ಖುಷಿಪಟ್ಟಿದ್ದೆ.

ಆಮೇಲೆ ಕೂತು ಲೆಕ್ಕ ಹಾಕಿದೆ. 2.8 ಎಂಎಂ ಲೆನ್ಸ್ ನೂರು ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಅಗಲ ನೋಡುತ್ತದೆ. ನನ್ನ ಗೇಟು ಕ್ಯಾಮೆರಾದಿಂದ 7 ಮೀಟರ್ ದೂರ. ಅಷ್ಟು ದೂರದಲ್ಲಿ ಅದು ಸುಮಾರು 18 ಮೀಟರ್ ಅಗಲವನ್ನು ಒಂದೇ ಚಿತ್ರಕ್ಕೆ ತುಂಬಿಸುತ್ತದೆ. ಚಿತ್ರದ ಅಗಲ 1920 ಪಿಕ್ಸೆಲ್. ಅಂದರೆ ಒಂದು ಮೀಟರ್‌ಗೆ ಬರೋದು ನೂರು ಚಿಲ್ಲರೆ ಪಿಕ್ಸೆಲ್, ಮನುಷ್ಯನ ಮುಖಕ್ಕೆ ಸಿಗೋದು ಹದಿನೇಳೋ ಹದಿನೆಂಟೋ. ಅಪರಿಚಿತನ ಮುಖ ಗುರುತು ಸಿಗಬೇಕಾದರೆ ಮೀಟರ್‌ಗೆ 250 ಪಿಕ್ಸೆಲ್ ಬೇಕು ಅಂತ ಐಇಸಿ 62676-4 ಅನ್ನೋ ಕಣ್ಗಾವಲು ಕ್ಯಾಮೆರಾಗಳ ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿಯೇ ಹೇಳಿತ್ತು. ಯಾರೋ ಒಬ್ಬರು ಓಡಾಡಿದರು ಅನ್ನೋದು ಗೊತ್ತಾಗಲು 25 ಸಾಕು. ನಾನು ಕೊಂಡಿದ್ದು 'ಯಾರೋ ಬಂದ' ಅಂತ ಹೇಳುವ ಕ್ಯಾಮೆರಾ, 'ಇವನೇ ಬಂದ' ಅಂತ ಹೇಳುವುದಲ್ಲ.

ಹಾಗಾದರೆ 4ಕೆ ಹಾಕಿಬಿಡೋಣ ಅಂತ ಮೊದಲು ಅನ್ನಿಸಿತು. ಅದೇ ಅಗಲದ ಲೆನ್ಸ್‌ಗೆ 3840 ಪಿಕ್ಸೆಲ್ ಹಂಚಿ ನೋಡಿದೆ. ಮೀಟರ್‌ಗೆ 210ರ ಹತ್ತಿರ ಬಂತು, 250 ಮುಟ್ಟಲೇ ಇಲ್ಲ. ಅದೇ ಹಳೇ 2 ಮೆಗಾಪಿಕ್ಸೆಲ್‌ಗೆ 6 ಎಂಎಂ ಲೆನ್ಸ್ ಇದ್ದರೆ ನೋಟ 50 ಡಿಗ್ರಿಯಷ್ಟಕ್ಕೆ ಕಿರಿದಾಗುತ್ತದೆ, ಗೇಟಿನ ಹತ್ತಿರ ಆರೂವರೆ ಮೀಟರ್ ಅಗಲ ಮಾತ್ರ ಕಾಣುತ್ತದೆ, ಆದರೆ ಮೀಟರ್‌ಗೆ 290 ಪಿಕ್ಸೆಲ್ ದಾಟುತ್ತದೆ. ಗೇಟಿಗೆ ಅದನ್ನೇ ಹಾಕಿದೆ. ಅಂಗಳಕ್ಕೆ ಹಳೇ ಅಗಲದ್ದೇ ಇರಲಿ ಅಂತ ಬಿಟ್ಟೆ, ಅದರ ಕೆಲಸ ಬೇರೆ.

ಎತ್ತರದಲ್ಲೂ ಎಡವಿದ್ದೆ. ಯಾರ ಕೈಗೂ ಸಿಗಬಾರದು ಅಂತ ನಾಲ್ಕೂವರೆ ಮೀಟರ್ ಮೇಲೆ ಹಾಕಿಸಿದ್ದರಿಂದ ಬಂದದ್ದೆಲ್ಲ ಟೋಪಿ ಮತ್ತು ನೆತ್ತಿ. ಬಾಗಿಲಿನದನ್ನು ಈಗ ಎರಡೂವರೆ ಮೀಟರ್‌ಗೆ ಇಳಿಸಿದ್ದೇನೆ. ಕೀಳಬಹುದು, ನಿಜ. ಕೀಳಲು ಬಂದವನ ಮುಖ ಚೆನ್ನಾಗಿ ಬರುತ್ತದೆ!

ರಾತ್ರಿಯದ್ದೇ ದೊಡ್ಡ ತಲೆನೋವು. ಕತ್ತಲಲ್ಲಿ ಕ್ಯಾಮೆರಾ ತನ್ನದೇ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ. ಹತ್ತಿರ ಬಂದವರ ಮುಖಕ್ಕೆ ಅದು ಜೋರಾಗಿ ಬಿದ್ದರೆ ಸುಣ್ಣ ಬಳಿದ ಹಾಗೆ ಕಾಣುತ್ತದೆ. ಬೆಳಕು ಸಾಲದಿದ್ದರೆ ಕ್ಯಾಮೆರಾದೊಳಗಿನ ಶಟರ್ ನಿಧಾನವಾಗುತ್ತದೆ, ನಡೆಯುವವರು ದೆವ್ವದಂತೆ ಮಸುಕಾಗುತ್ತಾರೆ. ಇದಕ್ಕೆ ಸೆಟ್ಟಿಂಗ್‌ನಲ್ಲಿ ವಾರಗಟ್ಟಲೆ ಆಟ ಆಡಿ, ಕೊನೆಗೆ ಗೇಟಿಗೆ ಒಂದು ಮಾಮೂಲಿ ಸೆನ್ಸರ್ ಲೈಟ್ ಹಾಕಿದೆ. ಯಾರಾದರೂ ಬಂದರೆ ಹತ್ತಿಕೊಳ್ಳುತ್ತದೆ, ಬಟ್ಟೆಯ ಬಣ್ಣವೂ ಗೊತ್ತಾಗುತ್ತದೆ. ಇದನ್ನು ಮೊದಲೇ ಮಾಡಬೇಕಿತ್ತು.

ಪಕ್ಕದ ಮನೆಯವರು, ಇದೇ ಆಳು ಹಿಂದಿನ ವಾರವೂ ಹಗಲಲ್ಲಿ ಬಂದು ನಿಂತಿದ್ದ ಅಂದರು. ಹುಡುಕಿದರೆ ಆ ದಿನದ್ದು ಅಳಿಸಿಹೋಗಿದೆ. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಬರೆದರೆ ದಿನಕ್ಕೆ 43 ಜಿಬಿ. ನಾಲ್ಕಕ್ಕೆ 170 ದಾಟುತ್ತದೆ, ನನ್ನ 1 ಟಿಬಿ ಡಿಸ್ಕ್ ಆರು ದಿನವೂ ಬರಲ್ಲ. ಈಗ 4 ಟಿಬಿ ಹಾಕಿ, ರೆಕಾರ್ಡಿಂಗನ್ನು ಎಚ್.265 ಅನ್ನೋ, ವಿಡಿಯೋವನ್ನು ಇನ್ನಷ್ಟು ಕುಗ್ಗಿಸಿ ಬರೆಯುವ ವಿಧಾನಕ್ಕೆ ಬದಲಾಯಿಸಿದ್ದೇನೆ. ಹೆಚ್ಚುಕಮ್ಮಿ ಅರ್ಧ ಜಾಗ ಉಳಿಯುತ್ತದೆ, ತಿಂಗಳಿಗೆ ಮೋಸವಿಲ್ಲ. ಡಿಸ್ಕ್ ಕೂಡ ಕಂಪ್ಯೂಟರಿನಿಂದ ಕಿತ್ತಿದ್ದಲ್ಲ, ಹಗಲೂ ರಾತ್ರಿ ಬರೆಯೋಕೇ ಮಾಡಿದ್ದು. ರೆಕಾರ್ಡಿಂಗಿನ ಗಡಿಯಾರ ನಲವತ್ತು ನಿಮಿಷ ಹಿಂದೆ ಇತ್ತು, ಅದನ್ನೂ ಸರಿಮಾಡಿದೆ.

ಪಾಸ್‌ವರ್ಡ್ ಬಗ್ಗೆ ನಾನೂ ಉದಾಸೀನ ಮಾಡಿದ್ದೆ, ಡಬ್ಬದ ಜೊತೆ ಬಂದದ್ದೇ ಇತ್ತು. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ ಹೀಗೆ ಪಾಸ್‌ವರ್ಡ್ ಬದಲಾಯಿಸದ ಕ್ಯಾಮೆರಾ, ರೆಕಾರ್ಡಿಂಗ್ ಡಬ್ಬವಾದ ಡಿವಿಆರ್‌ಗಳಿಗೇ ನುಗ್ಗಿ, ಅವನ್ನೆಲ್ಲ ಸೇರಿಸಿ ದೊಡ್ಡ ದೊಡ್ಡ ವೆಬ್‌ಸೈಟ್‌ಗಳನ್ನೇ ಮಲಗಿಸಿತ್ತು. ಅದು ಗೊತ್ತಾದ ದಿನವೇ ಬದಲಾಯಿಸಿದೆ.

ಎಲ್ಲಾ ಮುಗಿದ ಮೇಲೆ ರಾತ್ರಿ ಎರಡು ಗಂಟೆಗೆ ಟೋಪಿ ಹಾಕಿಕೊಂಡು ನಾನೇ ಗೇಟಿನಿಂದ ಅಂಗಡಿಯವರೆಗೆ ಕಳ್ಳನ ಹಾಗೆ ನಡೆದೆ. ಹೊಸದು ಕೊಳ್ಳುವವರು ಗೋಡೆಗೆ ತೂತು ಹಾಕುವ ಮೊದಲೇ, ಕ್ಯಾಮೆರಾವನ್ನು ಸುಮ್ನೆ ಕೈಯಲ್ಲಿ ಹಿಡಿದುಕೊಂಡೇ ಈ ಪರೀಕ್ಷೆ ಮಾಡಿನೋಡಿ. ಬೆಳಿಗ್ಗೆ ಹೆಂಡತಿಗೆ ಹಳೆಯದು, ಹೊಸದು ಎರಡೂ ತೋರಿಸಿದೆ. ಹಳೆಯದನ್ನು ನೋಡಿ "ಇದು ಯಾರು?" ಅಂದಳು. ಹೊಸದನ್ನು ನೋಡಿ "ಗಡ್ಡ ಬೋಳಿಸಿಕೊಳ್ಳಿ" ಅಂದಳು.

ಡ್ರಿಲ್ ಇನ್ನೂ ಸಿಕ್ಕಿಲ್ಲ. ಹೊಸ ಕ್ಯಾಮೆರಾ ಕೂರಿಸಲು ಗೋಡೆ ಕೊರೆಯಬೇಕಿತ್ತಲ್ಲ, ಅದಕ್ಕೆ ಪಕ್ಕದ ಮನೆಯವರದ್ದೇ ಕೇಳಿ ತಂದೆ.