ಒಂದೇ ಹೊತ್ತಿಗೆ ಎರಡು ಡಿಪ್ಲಾಯ್ ಓಡದಂತೆ ಮಾಡಿದ್ದು: ನನ್ನ ಅನುಭವ

ಕಳೆದ ಮಳೆಗಾಲ ಪೂರ್ತಿ ಕಳೆಯಿತು, ಕ್ರಿಸ್‌ಮಸ್ ಸೀಸನ್ನೂ ಮುಗಿಯಿತು. ನಮ್ಮ ಸರ್ವರ್‌ನಲ್ಲಿ ಎರಡು ಡಿಪ್ಲಾಯ್ (ಹೊಸ ಕೋಡನ್ನು ಸರ್ವರ್‌ಗೆ ಏರಿಸಿ ಚಾಲೂ ಮಾಡುವ ಕೆಲಸ) ಒಂದರ ಮೇಲೊಂದು ಓಡಿದ್ದು ಒಮ್ಮೆಯೂ ಇಲ್ಲ. "ಬ್ಯಾಶ್ ಸ್ಕ್ರಿಪ್ಟಿಗೆ ಬೀಗ ಹಾಕ್ಕೊಂಡು ಎಷ್ಟು ದಿನ ನಡೆಸ್ತೀರಿ, ಜೆಂಕಿನ್ಸ್ ಹಾಕ್ರೀ" ಎಂದು ಬೆಂಗಳೂರಿನ ಗೆಳೆಯರು ಹೇಳುತ್ತಲೇ ಇದ್ದರು (ಬ್ಯಾಶ್ ಸ್ಕ್ರಿಪ್ಟ್ ಎಂದರೆ ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲು; ಬೀಗ ಎಂದರೆ ಒಂದು ಓಟ ಮುಗಿಯುವವರೆಗೆ ಇನ್ನೊಂದನ್ನು ತಡೆಯುವ ಏರ್ಪಾಡು; ಜೆಂಕಿನ್ಸ್ ಬಿಲ್ಡ್, ಡಿಪ್ಲಾಯ್‌ಗಳನ್ನು ನಡೆಸುವ ತಂತ್ರಾಂಶ). ಈಗ ಅವರಲ್ಲೇ ಇಬ್ಬರು ನನ್ನ ಸ್ಕ್ರಿಪ್ಟ್ ಕೇಳಿ ತೆಗೆದುಕೊಂಡು ಹೋಗಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮದು ಮಡಿಕೇರಿಯಲ್ಲಿ ಸಣ್ಣ ಆಫೀಸು. ಹೋಂಸ್ಟೇಗಳ ಬುಕಿಂಗ್, ಗೋಣಿಕೊಪ್ಪ–ಕುಶಾಲನಗರ ಕಡೆಯ ಕಾಫಿ ವ್ಯಾಪಾರಿಗಳಿಗೆ ತೂಕದ ಚೀಟಿ, ಲೆಕ್ಕ. ಎರಡಕ್ಕೂ ಬೇರೆ ಬೇರೆ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್). ಡಿಪ್ಲಾಯ್ ಎಂದರೆ ಒಂದು ಸ್ಕ್ರಿಪ್ಟು: ಗಿಟ್ ಪುಲ್ (ಹೊಸ ಕೋಡ್ ಎಳೆದುಕೊಳ್ಳುವುದು), ಬಿಲ್ಡ್ (ಅದನ್ನು ಓಡುವ ರೂಪಕ್ಕೆ ತರುವುದು), ಮೈಗ್ರೇಶನ್ (ಡೇಟಾಬೇಸಿನ ಬದಲಾವಣೆ), ರೀಸ್ಟಾರ್ಟ್. ಕೋಡ್ ಪುಶ್ ಆದಾಗ (ಗಿಟ್ ಸರ್ವರ್‌ಗೆ ಕಳಿಸಿದಾಗ) ಅಲ್ಲಿಂದ ಬರುವ ವೆಬ್‌ಹುಕ್ ಎಂಬ ಸೂಚನೆಯಿಂದ ತಾನೇ ಓಡುತ್ತದೆ, ಬೇಕಾದಾಗ ಕೈಯಿಂದಲೂ ಓಡಿಸುತ್ತೇವೆ.

ಇಲ್ಲಿನ ಮಳೆಗಾಲ ಗೊತ್ತಲ್ಲ. ಗಾಳಿಗೆ ಸಿಲ್ವರ್ ಮರ ಲೈನಿನ ಮೇಲೆ ಬಿದ್ದರೆ ಕರೆಂಟು ಎರಡು ದಿನ ಇಲ್ಲ, ಟವರಿನ ಜನರೇಟರ್‌ನಲ್ಲಿ ಡೀಸೆಲ್ ಮುಗಿದರೆ ನೆಟ್ಟೂ ಇಲ್ಲ. ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಸರ್ವರ್‌ಗೆ ಲಾಗಿನ್ ಆಗಿ) ಸ್ಕ್ರಿಪ್ಟ್ ಓಡುತ್ತಿರುವಾಗ ಲೈನ್ ಹೋದರೆ ನಮ್ಮ ಕಡೆ ಪರದೆ ಹೆಪ್ಪುಗಟ್ಟುತ್ತದೆ. ಸರ್ವರ್‌ಗೆ ಮಾತ್ರ ಆ ಸುದ್ದಿಯೇ ಇರುವುದಿಲ್ಲ, ಅಲ್ಲಿ ಬಿಲ್ಡ್ ತನ್ನ ಪಾಡಿಗೆ ನಡೆಯುತ್ತಿರುತ್ತದೆ. "ಅಣ್ಣಾ, ಸ್ಟಕ್ ಆಯ್ತು, ಇನ್ನೊಂದ್ಸಲ ಓಡಿಸ್ಲಾ?" ಎನ್ನುತ್ತಾನೆ ನಮ್ಮ ಹುಡುಗ, ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು. ಎರಡನೆಯದು ಶುರುವಾಗುವುದು ಹೀಗೆ. ಸದಾ ನೆಟ್ ಇರುವ ಊರಿನವರಿಗೆ ಇದು ವರ್ಷಕ್ಕೊಮ್ಮೆ ಬರುವ ತೊಂದರೆ. ನಮಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರದ ಪಾಡು.

ಇದರಿಂದ ಆದ ನಷ್ಟ ಚಿಕ್ಕದಲ್ಲ. ಒಂದು ಡಿಸೆಂಬರ್ ಶನಿವಾರ ರೂಮುಗಳ ಟೇಬಲ್ಲಿಗೆ ಡೇಟಾ ತುಂಬುವ ನಮ್ಮದೇ ಎಸ್‌ಕ್ಯೂಎಲ್ ಎರಡು ಸಲ ಓಡಿತು. ಮೂರು ರೂಮಿನ ಹೋಂಸ್ಟೇ ಆರು ರೂಮಿನದಾಗಿ ಕಾಣಿಸಿತು, ಬುಕಿಂಗೂ ಆಯಿತು. ಬಂದ ಅತಿಥಿಗಳಿಗೆ ಬೇರೆ ಕಡೆ ರೂಮು ಹಿಡಿದು ಕೊಟ್ಟಿದ್ದಕ್ಕೆ ನಮ್ಮ ಕೈಯಿಂದ ಹದಿನೆಂಟು–ಇಪ್ಪತ್ತು ಸಾವಿರ ಹೋಯಿತು. ಸೀಸನ್ ಹೊತ್ತಿನಲ್ಲಿ ಕಕ್ಕಬ್ಬೆ ಕಡೆ ಖಾಲಿ ರೂಮು ಹುಡುಕಿದವರಿಗೇ ಗೊತ್ತು ಆ ಕಷ್ಟ.

ಬೀಗವಾಗಿ ಮೊದಲು ಹಾಕಿದ್ದು ಪಿಐಡಿ ಫೈಲ್, ಅಂದರೆ ಓಡುತ್ತಿರುವ ಪ್ರೋಸೆಸ್ಸಿನ (ಪ್ರೋಗ್ರಾಮಿನ) ನಂಬರು ಬರೆದಿಡುವ ಫೈಲು. ಫೈಲ್ ಇದೆಯಾ ನೋಡು, ಇಲ್ಲದಿದ್ದರೆ ಬರೆ. ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಸಂದು ಇದೆ ಎಂದು ಎಲ್ಲರೂ ಓದಿರುತ್ತೇವೆ, ಅಷ್ಟು ಸಣ್ಣ ಸಂದಿನಲ್ಲಿ ಯಾರು ನುಗ್ಗುತ್ತಾರೆ ಎಂದುಕೊಳ್ಳುತ್ತೇವೆ. ವೆಬ್‌ಹುಕ್ ನುಗ್ಗುತ್ತದೆ. ಬ್ರಾಂಚ್ ಜೊತೆಗೇ ಟ್ಯಾಗನ್ನೂ ಪುಶ್ ಮಾಡಿದರೆ ಎರಡು ಈವೆಂಟ್, ಒಂದೇ ಸೆಕೆಂಡಿನಲ್ಲಿ. ಎರಡೂ "ಫೈಲ್ ಇಲ್ಲ" ಎಂದೇ ನೋಡಿದವು. ಇನ್ನೊಂದು ಸಲ ರೀಬೂಟ್ ಆದಮೇಲೆ ಹಳೆಯ ಪಿಐಡಿ ನಂಬರು ಬೇರಾವುದೋ ಪ್ರೋಸೆಸ್ಸಿಗೆ ಹೋಗಿತ್ತು. ಪ್ರೋಸೆಸ್ ಇದೆಯಾ ಎಂದು ಕಿಲ್ ಸೊನ್ನೆ (kill -0) ಹಾಕಿ ಕೇಳಿದರೆ "ಬದುಕಿದೆ" ಎಂಬ ಉತ್ತರ. ಡಿಪ್ಲಾಯ್ ಬಂದ್.

ಆಮೇಲೆ ಎಂಕೆಡಿರ್ (mkdir), ಬೀಗಕ್ಕೆ ಫೈಲಿನ ಬದಲು ಡೈರೆಕ್ಟರಿ. ಡೈರೆಕ್ಟರಿ ಮಾಡುವುದು ಅಟಾಮಿಕ್ (ನೋಡುವುದು, ಮಾಡುವುದು ಒಂದೇ ಏಟಿಗೆ), ಸಂದಿನ ತೊಂದರೆ ಹೋಯಿತು. ಆದರೆ ಅದನ್ನು ತೆಗೆಯುವ ಕೆಲಸ ಟ್ರ್ಯಾಪ್ (ಸ್ಕ್ರಿಪ್ಟ್ ಮುಗಿಯುವಾಗ ಓಡುವ ಕಮಾಂಡು) ಮೇಲೆ ನಿಂತಿದೆ. ಕಿಲ್ ಮೈನಸ್ ನೈನ್‌ಗೆ (ಬಲವಂತವಾಗಿ ಕೊಂದರೆ) ಟ್ರ್ಯಾಪ್ ಓಡುವುದಿಲ್ಲ. ವಿಪಿಎಸ್ ಕೊಟ್ಟವರು ರಾತ್ರಿ ಹೇಳದೆ ರೀಬೂಟ್ ಮಾಡಿದರೂ ಓಡುವುದಿಲ್ಲ. ಹಾಗೆ ಉಳಿದ ಡೈರೆಕ್ಟರಿಯಿಂದ ವ್ಯಾಪಾರಿಗಳ ಸರ್ವರ್‌ನಲ್ಲಿ ಒಟಿ (ಔಟ್‌ಟರ್ನ್, ಚೆರ್ರಿಯಿಂದ ಎಷ್ಟು ಬೀಜ ಇಳಿಯುತ್ತದೆ ಎಂಬ) ಲೆಕ್ಕದ ತಿದ್ದುಪಡಿ ಎರಡು ದಿನ ಹೋಗಲೇ ಇಲ್ಲ. ರೋಬಸ್ಟಾ ಚೆರ್ರಿ ಬರುವ ಫೆಬ್ರವರಿ. ಒಬ್ಬ ವ್ಯಾಪಾರಿ ಚೀಟಿಯ ಲೆಕ್ಕವನ್ನೆಲ್ಲ ಕೈಯಲ್ಲಿ ಮಾಡಿಕೊಂಡು ಕೂತಿದ್ದರು. ಆ ವರ್ಷದ ಮೇಂಟೆನೆನ್ಸ್ ದುಡ್ಡು ಅವರು ಕೊಡಲಿಲ್ಲ, ನಾನೂ ಕೇಳಲಿಲ್ಲ.

ನಡುವೆ ರೆಡಿಸ್ಸನ್ನೂ (ಮೆಮೊರಿಯಲ್ಲಿ ಡೇಟಾ ಇಡುವ ಡೇಟಾಬೇಸ್) ನೋಡಿದೆ. ಐದು ನಿಮಿಷಕ್ಕೆ ತಾನೇ ಬಿಟ್ಟುಹೋಗುವ ಬೀಗ. ಒಂದು ಜಿಬಿ ರ‍್ಯಾಮ್‌ನ ಸರ್ವರ್ ಮೆಮೊರಿ ಸಾಲದೆ ಸ್ವಾಪ್‌ಗೆ (ನಿಧಾನದ ಡಿಸ್ಕಿಗೆ) ಬಿದ್ದ ದಿನ ಬಿಲ್ಡ್ ಏಳೆಂಟು ನಿಮಿಷ ತೆಗೆದುಕೊಂಡಿತು. ಐದನೇ ನಿಮಿಷಕ್ಕೆ ಬೀಗ ಬಿಟ್ಟಿತು, ಎರಡನೆಯದು ಒಳಗೆ. ಅವಧಿ ಅರ್ಧ ಗಂಟೆ ಮಾಡಿದರೆ ಸ್ಕ್ರಿಪ್ಟ್ ಸತ್ತಾಗ ಅರ್ಧ ಗಂಟೆ ಕಾಯಬೇಕು. ಬಿಟ್ಟೆ.

ಜೆಂಕಿನ್ಸ್ ಕೂಡ ಎರಡು ಮೂರು ತಿಂಗಳು ಇಟ್ಟುಕೊಂಡಿದ್ದೆ. ಅದಕ್ಕೇ ಬೇರೆ ಸರ್ವರ್, ತಿಂಗಳಿಗೆ ಹೆಚ್ಚುಕಡಿಮೆ ಸಾವಿರದ ಇನ್ನೂರು. ಒಟ್ಟಿಗೆ ಎರಡು ಬಿಲ್ಡ್ ಬೇಡ ಎನ್ನುವ ಆಯ್ಕೆ ಅದರಲ್ಲಿದೆ, ಸರಿಯಾಗಿಯೇ ಕೆಲಸ ಮಾಡುತ್ತದೆ. ಗಿಟ್‌ಹಬ್ ಆಕ್ಷನ್ಸ್‌ನಲ್ಲೂ ಅಂಥದ್ದೇ ಕನ್‌ಕರೆನ್ಸಿ ಗ್ರೂಪ್ ಇದೆ. ಆದರೆ ಈ ಬೀಗಗಳೆಲ್ಲ ಇರುವುದು ಅವುಗಳ ಮನೆಯಲ್ಲಿ. ಮಳೆಯಲ್ಲಿ ಯಾರೋ ನೇರ ಎಸ್‌ಎಸ್‌ಎಚ್ ಮಾಡಿ ಸ್ಕ್ರಿಪ್ಟ್ ಓಡಿಸಿದರೆ ಅವಕ್ಕೆ ಗೊತ್ತೇ ಆಗುವುದಿಲ್ಲ. ಬೀಗ ಇರಬೇಕಾದದ್ದು ಡಿಪ್ಲಾಯ್ ಆಗುವ ಸರ್ವರ್‌ನಲ್ಲೇ. ಮತ್ತು ಅದನ್ನು ಹಿಡಿದಿರಬೇಕಾದದ್ದು ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು). ಫೈಲ್ ಇದೆಯೋ ಇಲ್ಲವೋ ಎಂಬುದರ ಮೇಲೆ ನಿಂತ ಬೀಗ ಒಂದಲ್ಲ ಒಂದು ದಿನ ಕೈಕೊಡುತ್ತದೆ.

ಅಂದರೆ ಫ್ಲಾಕ್ (flock), ಫೈಲಿನ ಮೇಲೆ ಕರ್ನಲ್‌ನ ಬೀಗ ಹಾಕುವ ಕಮಾಂಡು. ಲಿನಕ್ಸ್‌ನ ಮೂಲ ಕಮಾಂಡುಗಳ ಪ್ಯಾಕೇಜು ಯುಟಿಲ್–ಲಿನಕ್ಸ್‌ನಲ್ಲೇ ಬರುತ್ತದೆ, ಹೊಸದಾಗಿ ಹಾಕಬೇಕಿಲ್ಲ. ಡಿಸ್ಕ್ರಿಪ್ಟರ್ (ತೆರೆದ ಫೈಲಿನ ನಂಬರು) 9ರಲ್ಲಿ ಫೈಲ್ ತೆರೆದು ಮೈನಸ್ ಎನ್ ಕೊಟ್ಟರೆ ಬೀಗ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ತಕ್ಷಣ ವಾಪಸ್. ಸ್ಕ್ರಿಪ್ಟ್ ಹೇಗೆ ಸತ್ತರೂ ಡಿಸ್ಕ್ರಿಪ್ಟರ್ ಮುಚ್ಚಿದ ಕೂಡಲೇ ಕರ್ನಲ್ ಬೀಗ ಬಿಡುತ್ತದೆ. ಫೈಲ್ ಅಲ್ಲೇ ಬಿದ್ದಿರಲಿ, ಅಳಿಸಲೇಬಾರದು. ಅಳಿಸಿದರೆ ಒಬ್ಬ ಹಳೆಯ ಐನೋಡ್ (ಡಿಸ್ಕಿನಲ್ಲಿ ಫೈಲಿನ ನಿಜವಾದ ಗುರುತು) ಹಿಡಿದಿರುತ್ತಾನೆ, ಇನ್ನೊಬ್ಬ ಹೊಸದನ್ನು ಹಿಡಿದು ಓಡುತ್ತಾನೆ.

ಇಷ್ಟು ಎಲ್ಲರಿಗೂ ಗೊತ್ತು. ತಲೆ ತಿಂದದ್ದು ಮುಂದಿನವು.

ಫ್ಲಾಕ್‌ನ ಮ್ಯಾನ್ ಪೇಜಿನಲ್ಲಿ (ಕೈಪಿಡಿಯಲ್ಲಿ) ಸ್ಕ್ರಿಪ್ಟ್ ತನ್ನನ್ನೇ ಬೀಗದ ಫೈಲಾಗಿ ಬಳಸುವ ಒಂದು ಸಾಲಿದೆ. ನೋಡಲು ಚೆಂದ. ಆದರೆ ನಮ್ಮ ಸ್ಕ್ರಿಪ್ಟ್ ರಿಪಾಸಿಟರಿಯ (ಗಿಟ್‌ನ ಕೋಡ್ ಸಂಗ್ರಹದ) ಒಳಗೇ ಇದೆ. ಗಿಟ್ ಪುಲ್‌ನಲ್ಲಿ ಅದು ಬದಲಾದರೆ ಗಿಟ್ ಹಳೆಯದನ್ನು ತೆಗೆದು ಹೊಸ ಫೈಲ್ ಇಡುತ್ತದೆ. ಐನೋಡ್ ಬದಲು, ಬೀಗ ಹಳೆಯದರ ಮೇಲೆ, ಎರಡನೇ ಓಟಕ್ಕೆ ಹಾದಿ ಸಲೀಸು. ಬೀಗದ ಫೈಲ್ ರಿಪಾಸಿಟರಿಯ ಹೊರಗೆ ಇರಲಿ.

ಟಿಎಂಪಿಯಲ್ಲೂ (/tmp, ಎಲ್ಲರೂ ಬರೆಯಬಹುದಾದ ತಾತ್ಕಾಲಿಕ ಡೈರೆಕ್ಟರಿ) ಬೇಡ. ಕರ್ನಲ್ 4.19ರಿಂದ ಪ್ರೊಟೆಕ್ಟೆಡ್ ರೆಗ್ಯುಲರ್ ಎಂಬ ಸೆಟ್ಟಿಂಗ್ ಇದೆ. ಡಿಪ್ಲಾಯ್ ಯೂಸರ್ ಮಾಡಿದ ಫೈಲನ್ನು ಇಂಥ ಸ್ಟಿಕಿ ಡೈರೆಕ್ಟರಿಯಲ್ಲಿ (ಎಲ್ಲರೂ ಬರೆಯಬಹುದು, ಇನ್ನೊಬ್ಬರದನ್ನು ಅಳಿಸಲಾಗದು) ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಬಂದು ಬರೆಯಲು ತೆರೆದರೂ ಅನುಮತಿ ಇಲ್ಲ ಎನ್ನುತ್ತದೆ. ರೂಟಿಗೇ ಅನುಮತಿ ಇಲ್ಲ! ಇದರ ಮೂಲ ಹಿಡಿಯಲು ಒಂದು ಇಡೀ ಸಂಜೆ ಹೋಯಿತು. ಡೆಬಿಯನ್, ಉಬುಂಟುವಿನಲ್ಲಿ ರನ್–ಲಾಕ್ (/run/lock) ಡೈರೆಕ್ಟರಿಯೂ ಅದೇ ಜಾತಿ. ನಾನು ವಾರ್–ಲಿಬ್ (/var/lib) ಅಡಿ ಡಿಪ್ಲಾಯ್ ಯೂಸರಿನದೇ ಒಂದು ಡೈರೆಕ್ಟರಿ ಮಾಡಿದ್ದೇನೆ.

ಮುಖ್ಯವಾದದ್ದು ಮಕ್ಕಳ, ಅಂದರೆ ಸ್ಕ್ರಿಪ್ಟ್ ಹುಟ್ಟಿಸುವ ಪ್ರೋಸೆಸ್‌ಗಳ ವಿಷಯ. ಸ್ಕ್ರಿಪ್ಟ್ ಶುರು ಮಾಡುವ ಪ್ರತಿ ಪ್ರೋಸೆಸ್ಸಿಗೂ ಡಿಸ್ಕ್ರಿಪ್ಟರ್ 9 ಹೋಗುತ್ತದೆ. ಎಸ್‌ಎಂಎಸ್ ಕಳಿಸುವ ವರ್ಕರನ್ನು ಸ್ಕ್ರಿಪ್ಟಿನ ಕೊನೆಯಲ್ಲಿ ನೋಹಪ್ ಹಾಕಿ ಹಿನ್ನೆಲೆಯಲ್ಲಿ ಓಡಲು ಬಿಡುತ್ತಿದ್ದೆವು. ಸ್ಕ್ರಿಪ್ಟ್ ಮುಗಿದರೂ ಬೀಗ ಬಿಡುತ್ತಿರಲಿಲ್ಲ. ಫೈಲನ್ನು ಯಾರು ಹಿಡಿದಿದ್ದಾರೆ ಎಂದು ಫ್ಯೂಸರ್ ಹಾಕಿ ನೋಡಿದರೆ ವರ್ಕರ್ ಹಿಡಿದು ಕೂತಿದೆ. ಆ ಸಾಲಿನ ಕೊನೆಗೆ 9>&- ಸೇರಿಸಿ ವರ್ಕರಿಗೆ 9 ಹೋಗದಂತೆ ಮುಚ್ಚಿದೆ, ಸರಿಹೋಯಿತು. ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ವ್ಯವಸ್ಥೆ) ಮೂಲಕ ಎಬ್ಬಿಸಿದರೆ ಈ ತಾಪತ್ರಯವೇ ಇಲ್ಲ, ಅದು ನಮ್ಮ ಸ್ಕ್ರಿಪ್ಟಿನ ಮಗುವಲ್ಲ. ಕೆಲವರು ಇದಕ್ಕೆಂದೇ ಎಲ್ಲದಕ್ಕೂ ಫ್ಲಾಕ್‌ನ ಮೈನಸ್ ಓ (ಮಕ್ಕಳಿಗೆ ಬೀಗ ಹೋಗದಂತೆ ಮಾಡುವ ಆಯ್ಕೆ) ಹಾಕುತ್ತಾರೆ. ನಾನು ಹಾಕುವುದಿಲ್ಲ. ಯಾರಾದರೂ ಕಿಲ್ ಮೈನಸ್ ನೈನ್ ಕೊಟ್ಟು ಮೇಲಿನದನ್ನು ಕೊಂದರೂ ಕೆಳಗೆ ಬಿಲ್ಡ್ ಇನ್ನೂ ಓಡುತ್ತಿರುತ್ತದಲ್ಲ, ಆಗ ಬೀಗವನ್ನು ಆ ಬಿಲ್ಡೇ ಹಿಡಿದಿರಬೇಕು. ಅದು ದೋಷವಲ್ಲ, ನಮಗೆ ಬೇಕಾದದ್ದೇ ಅದು.

ಬೀಗ ಸಿಗದಿದ್ದಾಗ ಯಾರು ಹಿಡಿದಿದ್ದಾರೆ, ಎಷ್ಟು ಹೊತ್ತಿನಿಂದ ಎಂದು ತೋರಿಸುವುದೂ ಅಷ್ಟೇ ಮುಖ್ಯ. ಹಿಡಿದವರ ಹೆಸರು, ಹೊತ್ತು ಅದೇ ಫೈಲಿಗೆ ಬರೆಯುತ್ತೇನೆ. ಫೈಲನ್ನು > ಹಾಕಿ ತೆರೆಯಬೇಡಿ. ಬೀಗ ಕೇಳುವ ಮೊದಲೇ ಅದು ಫೈಲ್ ಖಾಲಿ ಮಾಡುತ್ತದೆ, ಒಳಗಿದ್ದವರ ಹೆಸರು ಅಳಿಸಿಹೋಗುತ್ತದೆ. >> ಹಾಕಿ. ಈಗ ನಮ್ಮ ಹುಡುಗ ಹಾಟ್‌ಸ್ಪಾಟಿನಿಂದ ಮತ್ತೆ ಓಡಿಸಿದರೆ "ನೀನೇ, ನಾಲ್ಕು ನಿಮಿಷದ ಹಿಂದೆ" ಎಂದು ಉತ್ತರ ಬರುತ್ತದೆ. ಅವನು ಕಾಯುತ್ತಾನೆ.

ಇನ್ನೊಂದು, ಬೀಗಕ್ಕೆ ಸಂಬಂಧವಿಲ್ಲದಿದ್ದರೂ ಜೊತೆಗೇ ಬರುವಂಥದ್ದು. ಬ್ಯಾಶ್ ಸ್ಕ್ರಿಪ್ಟನ್ನು ಓದುತ್ತಾ ಓದುತ್ತಾ ಓಡಿಸುತ್ತದೆ. ನಡುವೆ ಯಾರಾದರೂ ಅದೇ ಫೈಲನ್ನು ಎಡಿಟರಿನಲ್ಲಿ ತಿದ್ದಿ ಅಲ್ಲೇ ಉಳಿಸಿದರೆ ಅರ್ಧ ಸಾಲಿನಿಂದ ಮುಂದುವರಿಯಬಹುದು. ಎಲ್ಲವನ್ನೂ ಮೇನ್ ಎಂಬ ಫಂಕ್ಷನ್ನಿನೊಳಗೆ ಹಾಕಿ, ಕೊನೆಯ ಸಾಲಿನಲ್ಲಿ ಅದನ್ನು ಕರೆದು ಅಲ್ಲೇ ಎಕ್ಸಿಟ್ ಮಾಡಿ.

ವೆಬ್‌ಹುಕ್ಕಿಗೆ ಮೈನಸ್ ಎನ್ ಬೇಡ, ಮೈನಸ್ ಡಬ್ಲ್ಯೂ ಕೊಟ್ಟು ಹತ್ತು ನಿಮಿಷ ಕಾಯಿಸುತ್ತೇನೆ. ಐದು ಪುಶ್ ಸಾಲುಗಟ್ಟಿ ನಿಂತರೆ ಕೊನೆಯದೊಂದೇ ಓಡಿ ಉಳಿದವು ಸುಮ್ಮನೆ ಹೊರಟುಹೋಗುವ ಹಾಗೂ ಮಾಡಿದ್ದೇನೆ. ಅದು ಎರಡೇ ಸಾಲು. ಅದರ ಮೇಲೆ ಈಗ ಎರಡು ಗಿರಾಕಿಗಳ ಕೆಲಸ ಹಿಡಿದಿರುವುದರಿಂದ ಸದ್ಯ ಬರೆಯುವುದಿಲ್ಲ.

ಈಗ ಕೈಯಲ್ಲಿರುವುದು ಎರಡು ಸರ್ವರ್, ಒಂದೇ ಡೇಟಾಬೇಸ್ ಇರುವ ಗಿರಾಕಿಯದು. ಫ್ಲಾಕ್ ಒಂದು ಸರ್ವರ್ ದಾಟುವುದಿಲ್ಲ, ಹಾಗಾಗಿ ಮೈಗ್ರೇಶನ್‌ಗೆ ಮಾತ್ರ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಅಡ್ವೈಸರಿ ಲಾಕ್ (ನಾವೇ ಕೇಳಿ ಪಡೆಯುವ ಬೀಗ). ಸೆಶನ್ ಹೋದರೆ ಅದೂ ತಾನೇ ಬಿಡುತ್ತದೆ. ಪಿಜಿಬೌನ್ಸರ್ (ಡೇಟಾಬೇಸ್ ಕನೆಕ್ಷನ್‌ಗಳನ್ನು ಹಂಚುವ ಮಧ್ಯವರ್ತಿ) ಟ್ರಾನ್ಸಾಕ್ಷನ್ ಮೋಡ್‌ನಲ್ಲಿದ್ದರೆ ಬೀಗ ಒಂದು ಕನೆಕ್ಷನ್‌ನಲ್ಲಿ, ಕೆಲಸ ಇನ್ನೊಂದರಲ್ಲಿ ಆಗಿಬಿಡುತ್ತದೆ. ಆದ್ದರಿಂದ ಈ ಒಂದಕ್ಕೆ ಡೇಟಾಬೇಸಿನ ಪೋರ್ಟಿಗೇ ನೇರ ಹೋಗುತ್ತೇನೆ. ಪುತ್ತರಿಯ (ಕೊಡಗಿನ ಸುಗ್ಗಿ ಹಬ್ಬ) ಹೊತ್ತಿಗೆ ಹಾಕಿದ್ದು, ಇಲ್ಲಿಯವರೆಗೆ ತಕರಾರಿಲ್ಲ.