ಬ್ರೋಕರ್ ಯಾರ ಕಡೆ? ಮನೆ ನೋಡುವ ಮೊದಲೇ ಬರೆಸಿಕೊಳ್ಳಿ

"ಕಮಿಷನ್ ವಿಷಯ ಆಮೇಲೆ ನೋಡ್ಕೊಳ್ಳೋಣ ಬಿಡಿ ಸಾರ್, ಮೊದಲು ಮನೆ ನೋಡಿ."

ಬೆಂಗಳೂರಿನಲ್ಲಿ ಮನೆ ಹುಡುಕಿದವರು ಈ ಮಾತು ಕೇಳದೇ ಇರಲಾರರು. ನನಗೆ ಹೇಳಿದ್ದು ವಿಜಯನಗರದ ಒಂದು ದರ್ಶಿನಿ ಮುಂದೆ, ಬೈ-ಟು ಕಾಫಿ ಕುಡಿಯುತ್ತ. ಮೂರು ತಿಂಗಳಾದ ಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಕೊಟ್ಟು, ಫೋಟೊ ತೆಗೆಸಿಕೊಂಡು ಹೊರಬಂದರೆ, ಮೆಟ್ಟಿಲ ಬಳಿ ನಮ್ಮ ಬ್ರೋಕರ್ ಜೊತೆ ನಾನು ಕಂಡೇ ಇರದ ಇನ್ನೊಬ್ಬ. "ಓನರ್‌ನ ಪರಿಚಯ ಮಾಡಿಸಿದ್ದು ಇವರೇ ಸಾರ್, ಇವರಿಗೂ ಒಂದು ಪರ್ಸೆಂಟ್." 60 ಲಕ್ಷದ ಮನೆಗೆ ಒಂದು ಪರ್ಸೆಂಟ್ ಅಂದರೆ 60 ಸಾವಿರ. ಒಳ್ಳೆಯ ದಿನ ಜಗಳ ಬೇಡ ಅಂತ ಹೆಂಡತಿ ಕಣ್ಣಲ್ಲೇ ಹೇಳಿದಳು. ಕೊಟ್ಟೆ. ನಮ್ಮ ಬ್ರೋಕರ್ ಓನರ್ ಕಡೆಯಿಂದಲೂ ಕಮಿಷನ್ ತೆಗೆದುಕೊಂಡಿದ್ದ ಅನ್ನೋದು ಗೃಹಪ್ರವೇಶದ ಊಟಕ್ಕೆ ಬಂದ ಓನರ್ ಬಾಯಿಂದಲೇ ಗೊತ್ತಾಯಿತು.

ಒಂದು ಹಾಳೆ ಕರಾರು ಪತ್ರ ಇದ್ದಿದ್ದರೆ ಇಷ್ಟೂ ತಪ್ಪುತ್ತಿತ್ತು. ಅಮೆರಿಕದಲ್ಲಿ 2024ರ ಆಗಸ್ಟ್‌ನಿಂದ ಬಹುತೇಕ ಏಜೆಂಟರು ಖರೀದಿದಾರರಿಂದ ಲಿಖಿತ ಒಪ್ಪಂದಕ್ಕೆ ಸಹಿ ಪಡೆದ ನಂತರವೇ ಮನೆ ತೋರಿಸಬೇಕು. ನಮ್ಮಲ್ಲಿ ಅಂಥ ಕಡ್ಡಾಯವಿಲ್ಲ, ಹಾಗಾಗಿ ಕೇಳಿ ಬರೆಸಿಕೊಳ್ಳಬೇಕಾದವರು ನಾವೇ.

ಮೊದಲು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ನಂಬರ್ ಕೇಳಿ. ರೇರಾದಲ್ಲಿ ನೋಂದಣಿಯಾದ ಪ್ರಾಜೆಕ್ಟ್‌ನ ಫ್ಲಾಟ್ ಅಥವಾ ಸೈಟ್ ಮಾರಿಸುವ ಏಜೆಂಟ್ ತಾನೂ ರೇರಾದಲ್ಲಿ ನೋಂದಾಯಿಸಿಕೊಂಡಿರಬೇಕು. ಇದು 2016ರ ಕಾಯ್ದೆಯ ಮಾತು. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ, ಅದು ಆಸ್ತಿ ಬೆಲೆಯ ಶೇ 5ರವರೆಗೂ ಬೆಳೆಯಬಹುದು. ಕರ್ನಾಟಕ ರೇರಾ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿ ಹುಡುಕಿ. ಏಜೆಂಟರ ನೋಂದಣಿ ಸಂಖ್ಯೆಯ ನಡುವೆ 'ಎಜಿ' ಅಂತ ಇರುತ್ತದೆ. 'ಪಿಆರ್' ಇದ್ದರೆ ಅದು ಪ್ರಾಜೆಕ್ಟ್‌ನ ನಂಬರ್, ಏಜೆಂಟನದ್ದಲ್ಲ. ಹಳೇ ಮನೆಗಳನ್ನಷ್ಟೇ ಮಾರಿಸುವ ಏರಿಯಾ ಬ್ರೋಕರ್ ಹತ್ತಿರ ಈ ನಂಬರ್ ಇಲ್ಲದಿರಬಹುದು. ಆಗ ಪ್ಯಾನ್ ಸಂಖ್ಯೆ, ವಿಳಾಸ ಬರೆಸಿಕೊಳ್ಳಿ.

ಆಮೇಲೆ, ಯಾರ ಕಡೆ ಅನ್ನೋದು. ಕರಾರಿನ ಜೀವ ಇರುವುದು ಈ ಸಾಲಿನಲ್ಲಿ. ಇಬ್ಬರಿಂದಲೂ ಕಮಿಷನ್ ಪಡೆಯುವುದು ಇಲ್ಲಿ ಮಾಮೂಲಿ, ಅದನ್ನು ಮುಚ್ಚಿಡುವುದೂ ಮಾಮೂಲಿ. ಓನರ್ 58ಕ್ಕೆ ಇಳಿಯಲು ತಯಾರಿದ್ದಾರೆ ಅಂತ ಗೊತ್ತಿದ್ದರೂ ಬ್ರೋಕರ್ ನಿಮಗೆ "60ಕ್ಕೆ ಒಂದು ರೂಪಾಯಿ ಕಮ್ಮಿ ಇಲ್ಲ" ಅಂದರೆ ನೀವೇನು ಮಾಡುತ್ತೀರಿ? 1872ರ ಕರಾರು ಕಾಯ್ದೆಯ ಪ್ರಕಾರ ಏಜೆಂಟ್ ತನ್ನನ್ನು ನೇಮಿಸಿದವರಿಗೆ ಕೇಳಿದಾಗ ಲೆಕ್ಕ ಕೊಡಬೇಕು, ಅವರ ಒಪ್ಪಿಗೆಯಿಲ್ಲದೆ ಆ ವ್ಯವಹಾರದಲ್ಲಿ ಸ್ವಂತ ಲಾಭ ಮಾಡಿಕೊಳ್ಳುವಂತಿಲ್ಲ. ಆದರೆ ನೇಮಿಸಿದವರು ನೀವು ಅನ್ನೋದಕ್ಕೆ ಸಾಕ್ಷಿ ಬೇಕಲ್ಲ? ಹೀಗೆ ಬರೆಸಿ: "ನಾನು ಖರೀದಿದಾರರ ಪರವಾಗಿ ಕೆಲಸ ಮಾಡುತ್ತೇನೆ. ಮಾರುವವರಿಂದ ಹಣ ಪಡೆಯುವುದಾದರೆ ಎಷ್ಟು ಎಂದು ಮೊದಲೇ ಲಿಖಿತವಾಗಿ ತಿಳಿಸುತ್ತೇನೆ."

ಕಮಿಷನ್. ನಗರದಲ್ಲಿ ಸಾಮಾನ್ಯವಾಗಿ ಒಂದರಿಂದ ಎರಡು ಪರ್ಸೆಂಟ್ ಕೇಳುತ್ತಾರೆ, ಚೌಕಾಸಿಗೆ ಜಾಗ ಇದ್ದೇ ಇದೆ. ಪರ್ಸೆಂಟ್ ಬರೆದರೆ ಸಾಲದು. ಯಾವ ಮೊತ್ತದ ಮೇಲೆ, ಜಿಎಸ್‌ಟಿ ಸೇರಿಯೋ ಬೇರೆಯೋ (ಅದು ಶೇ 18), ಯಾವಾಗ ಕೊಡಬೇಕು, ಎಲ್ಲವೂ ಇರಲಿ. ನನ್ನ ಸಲಹೆ: ಕ್ರಯಪತ್ರ ನೋಂದಣಿಯಾದ ಮೇಲೆ, ಬ್ಯಾಂಕ್ ಮೂಲಕ, ರಸೀದಿ ಪಡೆದು. "ಈ ಮೊತ್ತದೊಳಗೇ ಎಲ್ಲ ಬ್ರೋಕರ್‌ಗಳ ಪಾಲೂ ಸೇರಿದೆ" ಅನ್ನೋ ಸಾಲನ್ನು ಮಾತ್ರ ಬಿಡಬೇಡಿ. ನನ್ನ 60 ಸಾವಿರ ಹೋದದ್ದು ಅದಿಲ್ಲದೆ.

ಕೆಲಸ ಏನು? ಬರೀ ಬೀಗ ತೆಗೆದು ತೋರಿಸುವುದೋ, ಇಸಿ (ಋಣಭಾರ ಪ್ರಮಾಣಪತ್ರ), ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ), ತೆರಿಗೆ ರಸೀದಿ, ತಾಯಿಪತ್ರಗಳ (ಹಿಂದಿನ ಮಾಲೀಕರ ಮೂಲ ಪತ್ರಗಳ) ಪ್ರತಿ ತಂದುಕೊಡುವುದೂ ಸೇರಿದೆಯೋ? ಬಿ ಖಾತಾ ಆಸ್ತಿ (ಪಾಲಿಕೆ ತೆರಿಗೆ ಪಡೆದರೂ ನಿಯಮದ ಪ್ರಕಾರ ಪೂರ್ತಿ ಸಕ್ರಮವಲ್ಲದ್ದು) ತೋರಿಸುವುದಾದರೆ ಮೊದಲೇ ಹೇಳಬೇಕು ಅಂತಲೂ ಸೇರಿಸಿ. ಅಂಥ ಆಸ್ತಿಗೆ ಎಷ್ಟೋ ಬ್ಯಾಂಕ್‌ಗಳು ಸಾಲ ಕೊಡುವುದಿಲ್ಲ. ಹಾಗಂತ ಕಾಗದಪತ್ರ ಪರಿಶೀಲನೆಯನ್ನು ಬ್ರೋಕರ್‌ಗೇ ಬಿಡಬೇಡಿ, ಅದು ವಕೀಲರ ಕೆಲಸ.

ಅವಧಿ. ಎರಡು-ಮೂರು ತಿಂಗಳು ಸಾಕು. ಅಷ್ಟರಲ್ಲಿ ಬೇರೆ ಬ್ರೋಕರ್ ಜೊತೆ ಮನೆ ನೋಡಬಹುದೋ ಇಲ್ಲವೋ ಬರೆಯಿರಿ. ತೋರಿಸಿದ ಮನೆಗಳ ಪಟ್ಟಿಯನ್ನು ದಿನಾಂಕ ಸಮೇತ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲು ಹೇಳಿ.

ಟೋಕನ್ ಹಣ ಬ್ರೋಕರ್ ಕೈಗೆ ಬೇಡವೇ ಬೇಡ. ಅದು ಓನರ್ ಬ್ಯಾಂಕ್ ಖಾತೆಗೇ ಹೋಗಲಿ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಆಸ್ತಿ ಮುಂಗಡವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾಯ್ದೆಯಲ್ಲೂ ಅವಕಾಶವಿಲ್ಲ. ಹೊಸ ಪ್ರಾಜೆಕ್ಟ್ ಆದರೆ, ಮಾರಾಟ ಕರಾರು ಆಗುವ ಮುನ್ನ ಬಿಲ್ಡರ್ ಬೆಲೆಯ ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ.

ಇಷ್ಟನ್ನು ಇ-ಸ್ಟಾಂಪ್ ಪೇಪರ್ ಮೇಲೆ ಟೈಪ್ ಮಾಡಿಸಿ, ಇಬ್ಬರೂ ಪ್ರತಿ ಪುಟಕ್ಕೆ ಸಹಿ ಹಾಕಿ. ಕನ್ನಡದಲ್ಲೇ ಬರೆಸಿದರೆ ಒಳ್ಳೆಯದು, ಇಬ್ಬರೂ ಓದುತ್ತಾರೆ.

ಕೇಳಿದರೆ ಬ್ರೋಕರ್ ಬೇಜಾರು ಮಾಡಿಕೊಳ್ಳುತ್ತಾರಾ? ಕೆಲವರು ಎದ್ದು ಹೋಗುತ್ತಾರೆ, ಹೋಗಲಿ. ಕಳೆದ ವರ್ಷ ತಂಗಿಗೆ ಕೆಂಗೇರಿ ಕಡೆ ಮನೆ ಹುಡುಕುವಾಗ ಹೀಗೊಂದು ಪತ್ರ ಮುಂದಿಟ್ಟೆ. ಐವತ್ತು ದಾಟಿದ ಬ್ರೋಕರ್ ಕನ್ನಡಕ ಏರಿಸಿ, ಸಾಲು ಸಾಲಾಗಿ ಓದಿ, ಎರಡು ತಿಂಗಳು ಇದ್ದದ್ದನ್ನು ಮೂರು ಮಾಡಿಸಿದರು. ಆಮೇಲೆ "ನಾವು ತೋರಿಸಿದ ಮನೆಗೆ ಹಿಂದಿನಿಂದ ಹೋಗಿ ಓನರ್ ಹತ್ತಿರ ಮಾತಾಡ್ಕೊಂಡು ಬಿಡ್ತಾರೆ ಸಾರ್ ಜನ, ಎಷ್ಟು ಸಲ ಆಗಿದೆ ಗೊತ್ತಾ?" ಅಂದರು. ಸ್ಕೂಟರ್ ಸೀಟಿನ ಮೇಲೆ ಹಾಳೆಯಿಟ್ಟು ಸಹಿ ಮಾಡಿ, ಪಕ್ಕದ ಅಂಗಡಿಯಲ್ಲಿ ತಮಗೂ ಒಂದು ಜೆರಾಕ್ಸ್ ಮಾಡಿಸಿಕೊಂಡರು.