ಆ್ಯಪ್ ಕೋರ್ಸ್ ಸೇರೋರು ಇದನ್ನ ಓದಿ
ವೆಬ್ಬು, ಮೊಬೈಲ್ ಆ್ಯಪ್ ಕಲಿಯೋಕೆ ಬೂಟ್‌ಕ್ಯಾಂಪ್ (ಕಮ್ಮಿ ಟೈಮಲ್ಲಿ ಕಲಿಸೋ ಕೋರ್ಸ್) ಸೇರ್ಬೇಕು ಅಂತಿರೋ ನಮ್ಮ ಕೊಡಗಿನ ಹುಡುಗ್ರು ಹುಡುಗೀರಿಗೆ ಒಂದ್ ಮಾತು. ಫೀಸ್ ಕಟ್ಟೋ ಮುಂಚೆ ವೆಬ್ ಪೇಜ್ ಮಾಡೋಕೆ ಬೇಕಾದ ಎಚ್‌ಟಿಎಂಎಲ್, ಸಿಎಸ್‌ಎಸ್, ಸ್ವಲ್ಪ ಜಾವಾಸ್ಕ್ರಿಪ್ಟ್ ಮನೇಲೇ ಕಲ್ತುಬಿಡಿ, ಫ್ರೀಕೋಡ್‌ಕ್ಯಾಂಪ್ ಅನ್ನೋ ವೆಬ್‌ಸೈಟಲ್ಲಿ ದುಡ್ಡಿಲ್ದೆ ಸಿಗುತ್ತೆ, ಯಾಕಂದ್ರೆ ಕ್ಲಾಸಲ್ಲಿ ಮೊದಲ ವಾರದಿಂದ್ಲೇ ಓಡಿಸ್ತಾರೆ, ಫಂಕ್ಷನ್ನು, ಅರೇ (array) ಥರದ ಜಾವಾಸ್ಕ್ರಿಪ್ಟ್ ಬೇಸಿಕ್ಸ್ ಗೊತ್ತಿಲ್ದೆ ಕೂತ್ರೆ ರಿಯಾಕ್ಟ್ (ಜಾವಾಸ್ಕ್ರಿಪ್ಟಲ್ಲಿ ಆ್ಯಪ್ ಕಟ್ಟೋ ಲೈಬ್ರರಿ) ಬರೋ ಹೊತ್ತಿಗೆ ತಲೆ ಕೆಟ್ಟು ಹೋಗುತ್ತೆ.

ಆನ್‌ಲೈನ್ ಬ್ಯಾಚ್ ಆದ್ರೆ ಜೂನ್‌ನಿಂದ ಆಗಸ್ಟ್ ತನಕ ಬೇಡ ಅಂತೀನಿ. ಮಡಿಕೇರಿ, ಸೋಮವಾರಪೇಟೆ ಕಡೆ ಮಳೇಲಿ ಕರೆಂಟ್ ಹೋದ್ರೆ ಯಾವಾಗ ಬರುತ್ತೋ, ಟವರ್ ಬೇರೆ ಕೈಕೊಡುತ್ತೆ. ಸೇರ್ಲೇಬೇಕು ಅಂದ್ರೆ ರೆಕಾರ್ಡಿಂಗ್ ಡೌನ್‌ಲೋಡ್ ಮಾಡೋಕೆ ಬಿಡ್ತಾರಾ ಕೇಳ್ಕೊಳ್ಳಿ. ವಿಎಸ್ ಕೋಡ್ ಅನ್ನೋ ಎಡಿಟರಲ್ಲಿ ಕೋಡ್ ಬರೆಯೋಕೆ, ಗಿಟ್ ಕಮಿಟ್ ಮಾಡೋಕೆ (ಅಂದ್ರೆ ಬದಲಾವಣೆನ ಲ್ಯಾಪ್‌ಟಾಪಲ್ಲೇ ದಾಖಲು ಮಾಡೋಕೆ) ನೆಟ್ ಬೇಡ, ಪುಷ್ ಮಾಡೋಕೆ (ಆನ್‌ಲೈನ್‌ಗೆ ಕಳ್ಸೋಕೆ) ಮಾತ್ರ ಬೇಕು, ಅದನ್ನ ಕುಶಾಲನಗರಕ್ಕೆ ಹೋದಾಗ ಮಾಡ್ಬೋದು.

8 ಜಿಬಿ ರ‍್ಯಾಮ್ ಇರೋ ಲ್ಯಾಪ್‌ಟಾಪಲ್ಲಿ ಆಂಡ್ರಾಯ್ಡ್ ಎಮ್ಯುಲೇಟರ್ (ಆ್ಯಪ್ ಓಡಿಸಿ ನೋಡೋಕೆ ಸ್ಕ್ರೀನ್ ಮೇಲೆ ಬರೋ ನಕಲಿ ಫೋನ್) ತೆವಳುತ್ತೆ. ಅದರ ಬದಲು ಫೋನ್ ಸೆಟಿಂಗ್ಸಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿ, ಡೆವಲಪರ್ ಆಪ್ಷನ್ಸ್ ಬರುತ್ತೆ, ಅದ್ರಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ ಫೋನಿಗೂ ಲ್ಯಾಪ್‌ಟಾಪಿಗೂ ಕೇಬಲ್ ಹಾಕಿದ್ರೆ ನೀವು ಫ್ಲಟರ್ (ಮೊಬೈಲ್ ಆ್ಯಪ್ ಕಟ್ಟೋ ಟೂಲ್) ಬಳಸಿ ಬರೆದ ಆ್ಯಪ್ ಸೀದಾ ನಿಮ್ಮ ಫೋನಲ್ಲೇ ಓಡುತ್ತೆ.

ಕೆಲಸ ಗ್ಯಾರಂಟಿ ಅನ್ನೋರ ಹತ್ರ ಹಳೇ ಬ್ಯಾಚಿನೋರ ಜೊತೆ ಮಾತಾಡಿಸಿ ಅಂತ ಕೇಳಿ, ಹಿಂದೆಮುಂದೆ ನೋಡಿದ್ರೆ ದುಡ್ಡು ಕಟ್ಲೇಬೇಡಿ.